ಶನಿವಾರದ ಕಹಿ

ಮಾರ್ಚ್ ೪, ಶನಿವಾರ

ಇವತ್ತೂ ಹೋದರು. ಇದು ನಾಲ್ಕನೆಯ ಶನಿವಾರ.

ಬರೆದಿಡದಿದ್ದರೆ ಮರೆತುಹೋಗುತ್ತದೆ, ಮರೆತರೆ ನಾಳೆ ಮಾತಿಗೆ ಮಾತು ಬೆಳೆದಾಗ ನಾನೇ ಸುಳ್ಳಿ ಆಗುತ್ತೇನೆ. ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಬೇರೆಯವರು ಅಕ್ಷರ ಓದಿದರೆ ನಾನು ತಪ್ಪು ಓದುತ್ತೇನೆ. ಮನೆಯಲ್ಲಿರುವುದು ನಾವು ಗಂಡ ಹೆಂಡತಿ ಇಬ್ಬರೇ. ಇಲ್ಲಿನ ತಪ್ಪು ನನ್ನ ಕಣ್ಣಿಗೆ ಬೀಳದಿದ್ದರೆ ನಾನು ಕಲಿತ ಕಸುಬಿಗೆ ಬೆಂಕಿ ಬೀಳಲಿ.

"ಎಲ್ಲಿಗ್ರೀ?" ಎಂದೆ.

"ಒಳ್ಳೆ ಬಿಯರ್ ಹುಡ್ಕೊಂಡು," ಎಂದರು, ಶೂ ಲೇಸು ಕಟ್ಟುತ್ತ.

"ನಮ್ಮ ಬೀದಿಯಲ್ಲೇ ಮೂರು ಅಂಗಡಿ ಇದೆಯಲ್ಲ."

"ಮೂರರಲ್ಲೂ ಒಂದೇ ಕಂಪನಿಯದು. ಫ್ರಿಜ್ ಬಿಟ್ಟಿಯಾಗಿ ಕೊಟ್ಟಿದಾರೆ, ಅದಕ್ಕೇ ಒಳಗೆ ಬೇರೆಯವರದ್ದು ಇಡೋ ಹಾಗಿಲ್ಲ. ಅದೋ, ನೀರಿಗೆ ನೊರೆ ಬಂದ ಹಾಗಿರತ್ತೆ. ನಾನು ಹೇಳ್ತಿರೋದು ಕ್ರಾಫ್ಟ್ ಬಿಯರ್. ಕೈಯಲ್ಲಿ ಮಾಡಿದ್ದು."

"ಹಾಗಾದ್ರೆ ಉಳಿದದ್ದೆಲ್ಲ ಕಾಲಲ್ಲಿ ಮಾಡಿದ್ದಾ?"

ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದರು.

ಇವರು ಕುಡುಕರಲ್ಲ. ವರ್ಷಕ್ಕೆ ಎರಡೋ ಮೂರೋ ಸಲ ಒಂದು ಲೋಟ, ಅದೂ ಯಾರಾದರೂ ಕೈಗೆ ಕೊಟ್ಟರೆ. ಅಂಥವರು ಬಿಯರಿಗಾಗಿ ಎರಡು ಬಸ್ಸು ಬದಲಿಸಿ ಹೋಗುತ್ತಾರೆಂದರೆ ಯಾರು ನಂಬಬೇಕು?

ಮಾರ್ಚ್ ೬, ಸೋಮವಾರ

ಇವತ್ತು ಬೇಕೆಂದೇ ಸೂಪ್ ತಳ ಹಿಡಿಸಿದೆ. ಬಡಿಸಿ ಎದುರು ಕೂತೆ.

"ಚೆನ್ನಾಗಿದೆ," ಎಂದರು.

ಇವರು ಬಿಸ್ಕತ್ತು ಕಾರ್ಖಾನೆಯ ರುಚಿಗಾರರು. ಬಿಳಿ ಕೋಟು ಹಾಕಿಕೊಂಡು ಹಿಟ್ಟು, ಬೆಣ್ಣೆ, ಸುಟ್ಟ ಬಿಸ್ಕತ್ತು ಎಲ್ಲವನ್ನೂ ಮೂಸಿ, ಕಚ್ಚಿ, ಸಹಿ ಹಾಕುವ ಕೆಲಸ. ಆ ಮೂಗನ್ನು ಮನೆಗೂ ತರುತ್ತಿದ್ದರು. ಮದುವೆಯಾಗಿ ಇಪ್ಪತ್ತಮೂರು ವರ್ಷ "ಬೆಳ್ಳುಳ್ಳಿ ಒಂದೆಸಳು ಜಾಸ್ತಿ ಆಯ್ತು", "ಈ ಎಣ್ಣೆ ನಿನ್ನೆ ಕಾಯಿಸಿದ್ದಲ್ವಾ?" ಅನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಈಗ ಒಂದೂವರೆ ತಿಂಗಳಿಂದ, ಆ ಜ್ವರ ಬಂದು ಮಲಗಿ ಎದ್ದಾಗಿನಿಂದ, ಒಂದು ಕೊಂಕೂ ಇಲ್ಲ. ಏನು ಹಾಕಿದರೂ ಚೆನ್ನಾಗಿದೆ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅಕ್ಕ, "ಗಂಡಸು ಅಡುಗೆ ಹೊಗಳೋಕೆ ಶುರು ಮಾಡಿದ ಅಂದ್ರೆ ಹುಷಾರಾಗಿರು ಕಣೇ. ನಿಮ್ಮ ಭಾವ ಆ ತರಬೇತಿ ಟೀಚರ್ ಹಿಂದೆ ಸುತ್ತೋವಾಗ ನನ್ನ ಅಡುಗೆ ಅಮೃತ ಅಂತಿದ್ರು," ಎಂದಳು.

ಅಮೃತ ಅಂತ ಇವರು ಇನ್ನೂ ಅಂದಿಲ್ಲ. ಕಾಯುತ್ತಿದ್ದೇನೆ.

ಮಾರ್ಚ್ ೯, ಗುರುವಾರ

ಸೆಂಟು! ಹಿಂದೆಂದೋ ಯಾರೋ ಉಡುಗೊರೆ ಕೊಟ್ಟ ಸೆಂಟಿನ ಬಾಟಲಿ, ಮುಚ್ಚಳವೂ ತೆಗೆಯದೆ ಬಿದ್ದಿದ್ದದ್ದು, ಅರ್ಧ ಖಾಲಿಯಾಗಿದೆ. ಬೆಳಿಗ್ಗೆ ಇವರು ಮೆಟ್ಟಿಲಿಳಿದ ಮೇಲೆ ಕೆಳಗಿನ ಮನೆಯಾಕೆ ಕಿಟಕಿ ಮುಚ್ಚಿದಳು. ಸಂಜೆ ನನ್ನನ್ನು ನಿಲ್ಲಿಸಿ, "ನಿಮ್ಮನೆಯವರು ಏನ್ರೀ ಅದು, ಸ್ನಾನ ಮಾಡ್ತಾರಾ ಅದ್ರಲ್ಲಿ?" ಎಂದು ಕೇಳಿದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಇಷ್ಟೊಂದು ಯಾಕ್ರೀ?" ಎಂದರೆ, "ಬೆವರು ವಾಸನೆ ಬರ್ತಿತ್ತೇನೋ ಅಂತ," ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂಗಿಯ ತೋಳನ್ನು ಎತ್ತಿ ಮೂಸಿಕೊಂಡು ಪೆಚ್ಚಾಗಿ ನಿಂತರು.

ಮಾರ್ಚ್ ೧೧, ಶನಿವಾರ

ಮಧ್ಯಾಹ್ನ ಬಂದರು. ಕೈಚೀಲದಲ್ಲಿ ಒಂದು ಕಂದು ಬಾಟಲಿ. ಊಟದ ಮೇಜಿನ ಹತ್ತಿರ ಒಬ್ಬರೇ ಕೂತು, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿದರು. ನನಗೆ ಬೇಕಾ ಅಂತಲೂ ಕೇಳಲಿಲ್ಲ.

ಖಾಲಿ ಬಾಟಲಿ ತೊಳೆಯುವಾಗ ಚೀಟಿ ಓದಿದೆ. "ಕೈಯಾರೆ ತಯಾರಿಸದ್ದು" ಎಂದು ಅಚ್ಚಾಗಿದೆ. ಒಂದು ಗುಡಿಸು ಬಿದ್ದುಹೋಗಿ, ಮಾಡಿದ್ದು ಹೋಗಿ ಮಾಡದ್ದು ಆಗಿದೆ. ಇಂಥ ಚೀಟಿ ಅಂಟಿಸುವವರು ಎಂಥವರೋ! ವಿಳಾಸ ಇದೆ: ಬಸ್ಸಿನ ಕೊನೆಯ ನಿಲ್ದಾಣ, ಹಳೆ ಐಸ್ ಫ್ಯಾಕ್ಟರಿ.

ಬರೆದುಕೊಂಡೆ.

ಮಾರ್ಚ್ ೧೪, ಮಂಗಳವಾರ

ಕೆಲಸ ಮುಗಿಸಿ ಬಂದಾಗ ಮನೆಯ ಬಾಗಿಲಿಂದಲೇ ಕಮಟು ಹೊಗೆ. ಒಲೆಯ ಮೇಲಿನ ಹಾಲು ಉಕ್ಕಿ, ಬತ್ತಿ, ಪಾತ್ರೆ ಇದ್ದಿಲಾಗಿತ್ತು. ಇವರು ಹತ್ತು ಹೆಜ್ಜೆ ಆಚೆ, ಒಲೆಗೆ ಬೆನ್ನು ಹಾಕಿ, ಪೇಪರ್ ಓದುತ್ತ ಕೂತಿದ್ದಾರೆ!

"ರೀ! ಮನೆ ಸುಡ್ತಿದೀರಾ?"

ಬೆಚ್ಚಿ ಎದ್ದರು. ಒಲೆ ನೋಡಿ ಮುಖ ಬಿಳಿಚಿಕೊಂಡಿತು. "ಏನೋ ಯೋಚನೇಲಿದ್ದೆ," ಎಂದರು. ಆಮೇಲೆ ಪಾತ್ರೆಯನ್ನು ತಾವೇ ಉಜ್ಜಲು ಕೂತರು. ಅರ್ಧ ಗಂಟೆ ಉಜ್ಜಿದರು.

ಹತ್ತು ಹೆಜ್ಜೆ ದೂರದಲ್ಲಿ ಹಾಲು ಸೀದರೂ ತಿಳಿಯದಂಥ ಯೋಚನೆ. ಯಾರ ಯೋಚನೆ?

ಮಾರ್ಚ್ ೧೮, ಶನಿವಾರ

ಹಿಂದೆಯೇ ಹೋದೆ.

ಅಕ್ಕನ ಸಲಹೆಯಂತೆ ತಲೆಗೆ ಸ್ಕಾರ್ಫು, ಕಣ್ಣಿಗೆ ಕಪ್ಪು ಕನ್ನಡಕ. ಮೊದಲ ಬಸ್ಸಿನಲ್ಲಿ ಕಂಡಕ್ಟರು "ಕಣ್ಣು ಆಪರೇಷನ್ನಾಯ್ತಾ ಅಮ್ಮಾ?" ಎಂದು ಕೈಹಿಡಿದು ಹತ್ತಿಸಿದ. ಇವರು ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಒಮ್ಮೆಯೂ ತಿರುಗಲಿಲ್ಲ. ಎರಡನೆಯ ಬಸ್ಸು ಗೋದಾಮುಗಳನ್ನೆಲ್ಲ ದಾಟಿ, ಮುರಿದ ಬೇಲಿಯ ಹತ್ತಿರ ನಿಂತಿತು. ಅಲ್ಲಿಂದ ಕಾಲು ಹಾದಿ. ಗೋಡೆ ಸುಣ್ಣ ಉದುರಿದ ಉದ್ದನೆಯ ಕಟ್ಟಡ, ತಗಡಿನ ಬಾಗಿಲು ಅರ್ಧ ಎತ್ತಿದೆ.

ಒಳಗೆ ಹೆಂಗಸು. ಮೊಣಕಾಲವರೆಗೆ ಗಂಬೂಟು, ಸೊಂಟಕ್ಕೆ ರಬ್ಬರ್ ಏಪ್ರನ್ನು. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳಿರಬೇಕು. ಇವರನ್ನು ನೋಡಿದ್ದೇ ತಡ, ನಕ್ಕು, ಹೇಳದೆ ಕೇಳದೆ ಒಂದು ಲೋಟ ತುಂಬಿಸಿ ಕೈಗೆ ಕೊಟ್ಟಳು. ಹೊತ್ತಿಗೆ ಸರಿಯಾಗಿ ಬರುತ್ತಾರೆಂದು ಗೊತ್ತಿದ್ದವಳ ಹಾಗೆ. ಇವರು ಬೋರಲಿಟ್ಟ ಡಬ್ಬದ ಮೇಲೆ ಕೂತು ಕುಡಿದರು. ಅವಳು ಏನೋ ಒಣ ಹೂವನ್ನು ಅಂಗೈಯಲ್ಲಿ ಉಜ್ಜಿ ಇವರ ಮೂಗಿನ ಹತ್ತಿರ ಹಿಡಿದಳು. ಇವರು ಅವಳ ಅಂಗೈಯ ಮೇಲೆ ಬಗ್ಗಿದರು. ಎಷ್ಟೋ ಹೊತ್ತು ಬಗ್ಗಿಯೇ ಇದ್ದರು. ತಲೆ ಎತ್ತಿದಾಗ ಕಣ್ಣಲ್ಲಿ ನೀರು.

ಇಪ್ಪತ್ತಮೂರು ವರ್ಷದಲ್ಲಿ ಇವರ ಅಪ್ಪ ತೀರಿಕೊಂಡಾಗ ಮಾತ್ರ ಆ ನೀರು ನೋಡಿದ್ದೆ.

ಒಳಗೆ ನುಗ್ಗಿ ಇಬ್ಬರ ಜುಟ್ಟನ್ನೂ ಹಿಡಿಯಬೇಕೆಂದುಕೊಂಡೆ. ಆದರೆ ವಾಪಸು ಬಸ್ಸು ಹತ್ತಿದೆ.

ಮಾರ್ಚ್ ೧೯, ಭಾನುವಾರ

ಅಕ್ಕ ಆರು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಮಾರ್ಚ್ ೨೨, ಬುಧವಾರ

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಕರಡನ್ನು ಒಂದೇ ಓದಿಗೆ ಯಾರೂ ಬಿಡುವುದಿಲ್ಲ. ಅರ್ಧ ದಿನ ರಜೆ ಹಾಕಿ ಒಬ್ಬಳೇ ಹೋದೆ, ಸ್ಕಾರ್ಫು ಇಲ್ಲದೆ.

ಗಂಬೂಟಿನವಳು ಪೈಪಿನಿಂದ ನೆಲ ತೊಳೆಯುತ್ತಿದ್ದಳು. "ಬನ್ನಿ ಅಕ್ಕಾ, ಜಾರತ್ತೆ, ನೋಡ್ಕೊಂಡು," ಎಂದಳು. ಗಿರಾಕಿ ಅಂದುಕೊಂಡಳು. ನಾನೂ ಹಾಗೇ ನಟಿಸಿದೆ. ನಾಲ್ಕು ಚಿಕ್ಕ ಲೋಟಗಳಲ್ಲಿ ನಾಲ್ಕು ಬಣ್ಣ ತಂದಿಟ್ಟಳು. ಮುಂಚೆ ಹಾಲಿನ ಡೈರಿಯಲ್ಲಿದ್ದಳಂತೆ. "ಹದಿನಾರು ವರ್ಷ ಹಾಲು ಕೆಡದ ಹಾಗೆ ಕಾದೆ. ಈಗ ಬಾರ್ಲಿ ನೀರನ್ನ ಬೇಕಂತಲೇ ಕೆಡಿಸ್ತೀನಿ. ಎರಡಕ್ಕೂ ಬೇಕಾಗಿರೋದು ಒಂದೇ, ಪಾತ್ರೆ ಚೊಕ್ಕ ಇರ್ಬೇಕು," ಎಂದು ನಕ್ಕಳು. ಅಂಗಡಿಯವರು ಯಾರೂ ಇವಳ ಬಾಟಲಿ ಇಟ್ಟುಕೊಳ್ಳುವುದಿಲ್ಲವಂತೆ. ಬುಧವಾರ, ಶನಿವಾರ ಬಾಗಿಲಲ್ಲೇ ಮಾರಾಟ.

ಮೊದಲನೆಯದು ತೆಳುವಾಗಿತ್ತು, ಸುಟ್ಟ ಬ್ರೆಡ್ಡಿನ ಅಂಚಿನ ಹಾಗೆ. ಎರಡನೆಯದು ಮಂದ, ಜೋನಿಬೆಲ್ಲ ಕರಗಿಸಿದ ಹಾಗೆ. ಮೂರನೆಯದರಲ್ಲಿ ಏನೋ ಕುಂದು ಇತ್ತು, ಒದ್ದೆ ರಟ್ಟಿನ ವಾಸನೆ. ಹಾಗೆಂದೆ.

ಅವಳು ನನ್ನನ್ನೇ ನೋಡಿದಳು. "ಇಲ್ಲಿಗೆ ಬರೋರಲ್ಲಿ ಇದನ್ನ ಹೇಳಿದ್ದು ನೀವೊಬ್ರೇ. ಮುಚ್ಚಳ ಸರಿಯಾಗಿ ಕೂತಿಲ್ಲ, ಒಳಗೆ ಗಾಳಿ ಹೋಗಿದೆ."

ನಾಲ್ಕನೆಯದು ಕಹಿ. ಔಷಧಿ ಕುಡಿದ ಹಾಗೆ ಕಿವಿಯವರೆಗೂ ಹತ್ತಿತು. "ಇದನ್ನ ಯಾರು ಕುಡೀತಾರೆ?" ಎಂದು ಬೇಕೆಂದೇ ಕೇಳಿದೆ.

"ಒಬ್ರಿದಾರೆ ಅಕ್ಕಾ. ಪ್ರತಿ ಶನಿವಾರ. ಬರೋವಾಗ್ಲೆಲ್ಲ ಇನ್ನೂ ಕಹಿ ಮಾಡಮ್ಮ ಅಂತಾರೆ. ಇದಕ್ಕಿಂತ ಕಹಿ ಮಾಡಿದ್ರೆ ನಾಯಿನೂ ಮೂಸಲ್ಲ ಅಂತೀನಿ." ಪೈಪು ಕೆಳಗಿಟ್ಟಳು. "ಪಾಪ, ಅವರಿಗೆ ವಾಸನೆ ಹೋಗ್ಬಿಟ್ಟಿದೆ. ಜ್ವರ ಬಂದು ಹೋದದ್ದು. ಉಪ್ಪು, ಹುಳಿ, ಸಿಹಿ ಎಲ್ಲ ನಾಲಿಗೆಗೆ ಗೊತ್ತಾಗತ್ತಂತೆ, ಆದ್ರೆ ಊಟ ಅನ್ನೋದು ಬರೀ ಕಾಗದ ಅಗಿದ ಹಾಗೆ. ಈ ಕಹಿ ಒಂದೇ ಬಾಯಿ ತುಂಬತ್ತೆ ಅಂತಾರೆ. ಮೊದಲ್ನೇ ಸಲ ಕುಡಿದಾಗ ಹಾಗೇ ಕೂತ್ಬಿಟ್ರು. ಬಿಯರಿಗೆ ಕಹಿ ಕೊಡೋ ಹಾಪ್ಸ್ ಹೂವು ಉಜ್ಜಿ ಹಿಡೀತೀನಿ ಪ್ರತಿ ವಾರ, ಬೀದಿ ಕೊನೆವರೆಗೂ ಘಮ್ ಅನ್ನತ್ತೆ. ಅವರಿಗೆ ಏನೂ ಇಲ್ಲ."

"ಹೆಂಡತಿಗೆ ಗೊತ್ತಾ?" ಎಂದೆ.

"ಹೇಳಿಲ್ಲವಂತೆ. ಅದೇನು ಕೆಲಸವೋ, ಮೂಗಿನ ಕೆಲಸವಂತೆ. ಗೊತ್ತಾದ್ರೆ ತೆಗೀತಾರಂತೆ."

ನಾಲ್ಕನೆಯ ಲೋಟವನ್ನು ಪೂರ್ತಿ ಕುಡಿದೆ. ಹೊರಡುವಾಗ, ಚೀಟಿಯಲ್ಲಿ ಗುಡಿಸು ಬಿಟ್ಟುಹೋಗಿದೆ, ಮುಂದಿನ ಸಲ ಅಚ್ಚಿಗೆ ಕೊಡುವ ಮುಂಚೆ ನನಗೆ ತೋರಿಸು ಎಂದೆ. ನಾನ್ಯಾರೆಂದು ಹೇಳಲಿಲ್ಲ.

ಮಾರ್ಚ್ ೨೩, ಗುರುವಾರ

ಅವಳು ಹೇಳಿದ್ದನ್ನು ಹಾಗೇ ನಂಬಬೇಕೆಂದೇನಿಲ್ಲ. ಇಬ್ಬರೂ ಸೇರಿ ಕಟ್ಟಿದ ಕಥೆಯೂ ಇರಬಹುದು. ಇವರ ದಿಂಬಿನ ಕವರಿನೊಳಗೆ ಹೆಚ್ಚಿದ ಈರುಳ್ಳಿ ಇಟ್ಟೆ.

ಹಾಯಾಗಿ ಮಲಗಿದರು. ನಾನು ಮಾತ್ರ ಬೆಳಗಿನವರೆಗೂ ಕಣ್ಣೀರು ಒರೆಸಿಕೊಂಡೆ. ಈರುಳ್ಳಿಗೆ.

ಮಾರ್ಚ್ ೨೫, ಶನಿವಾರ

ಹೋದರು, ಬಂದರು. ಎರಡು ಬಾಟಲಿ. ಒಂದನ್ನು ನಾನು ಕೇಳಿ ತೆಗೆದುಕೊಂಡೆ, ಚೀಟಿ ಪರೀಕ್ಷಿಸಲು. ಸುಟ್ಟ ಬ್ರೆಡ್ಡಿನದೇ, ಆದರೆ ಹೋದ ಬುಧವಾರದ್ದಕ್ಕಿಂತ ಅಂಚು ಕಪ್ಪು. ಕೊನೆಗೆ ಸ್ವಲ್ಪ ಜೇನಿನ ನೆನಪು. ಮುಚ್ಚಳ ಭದ್ರ.

ಇನ್ನೊಬ್ಬಳಿದ್ದಿದ್ದರೆ ಜಗಳವಾಡಬಹುದಿತ್ತು. ಯಾರೋ ಗಂಬೂಟಿನವಳಿಗೆ ಹೇಳಬಹುದಾದದ್ದನ್ನು ನನಗೆ ಹೇಳಲಾಗದಿದ್ದರೆ, ಆ ಜಗಳವನ್ನು ಯಾರ ಜೊತೆ ಆಡುವುದು? ಕೇಳುವುದಿಲ್ಲ. ತಾವಾಗಿ ಹೇಳಲಿ.

ಮಾರ್ಚ್ ೨೬, ಭಾನುವಾರ

ಹೇಳುವ ಹಾಗೆ ಆಯಿತು.

ಬೆಳಿಗ್ಗೆ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವರ ಹೆಂಡತಿ ಬಂದಳು. ಕುರ್ಚಿಯ ತುದಿಯಲ್ಲಿ ಕೂತಳು. ಹೋದ ವಾರ ಕಳಿಸಿದ ಬಿಸ್ಕತ್ತೆಲ್ಲ ವಾಪಸು ಬಂದಿದೆಯಂತೆ, ಬೆಣ್ಣೆ ಕಮಟಾಗಿತ್ತಂತೆ. ಸಹಿಯಾದ ಮೇಲೆ ಬದಲಿಸಿ ಹಳೆ ಬೆಣ್ಣೆ ಕೊಟ್ಟೆ ಎಂದು ಅವಳ ಗಂಡನನ್ನು ಗುರುವಾರವೇ ಮನೆಗೆ ಕಳಿಸಿದ್ದಾರೆ. ಇವರು ಮೂರು ದಿನದಿಂದ ನನಗೆ ಒಂದಕ್ಷರ ಹೇಳಿಲ್ಲ.

"ಅಣ್ಣಾ, ಆ ಬೆಣ್ಣೆ ನೀವೇ ಮೂಸಿ ಸಹಿ ಹಾಕಿದ್ದು. ಉಗ್ರಾಣದಿಂದ ಹೊರಗೆ ಬಂದಾಗ ಚೆನ್ನಾಗಿತ್ತು ಅಂತ ಮ್ಯಾನೇಜರಿಗೆ ಒಂದು ಮಾತು ಹೇಳಿ. ನಿಮ್ಮ ಮೂಗಿನ ಮೇಲೆ ಅವರಿಗೆ ದೇವರಿಗಿಂತ ಜಾಸ್ತಿ ನಂಬಿಕೆ. ಇವರು ಊಟ ಬಿಟ್ಟು ಗೋಡೆ ನೋಡ್ಕೊಂಡು ಕೂತಿದಾರೆ."

"ನೋಡೋಣಮ್ಮ," ಎಂದರು ಇವರು, ನೆಲ ನೋಡಿಕೊಂಡು.

ಅವಳು ಹೋದ ಮೇಲೆ ಬಾಗಿಲು ಹಾಕಿದೆ.

"ಬೆಣ್ಣೆ ಹೇಗಿತ್ತು?"

"ಚೆನ್ನಾಗಿತ್ತು."

"ಹೇಗೆ ಗೊತ್ತಾಯ್ತು?"

ಮೇಜಿನ ಮೇಲಿದ್ದ ಪೇಪರ್ ಮಡಚತೊಡಗಿದರು.

"ನಾನು ಐಸ್ ಫ್ಯಾಕ್ಟರಿಗೆ ಹೋಗಿದ್ದೆ. ಎರಡು ಸಲ."

ಮುಖ ಕೆಂಪಾಯಿತು. "ನನ್ನ ಹಿಂದೆ ಬಂದಿದ್ಯಾ? ಅನುಮಾನ ಪಟ್ಯಾ ನನ್ನ ಮೇಲೆ?"

"ಪಟ್ಟೆ. ಹೊಟ್ಟೆ ತುಂಬ ಪಟ್ಟೆ. ಸುಟ್ಟ ಸೂಪ್ ಚೆನ್ನಾಗಿದೆ ಅಂದ್ರೆ ಇನ್ನೇನು ಪಡ್ಲಿ?"

ಕುರ್ಚಿ ಎಳೆದು ಕೂತರು. ಆಮೇಲೆ ಮೆಲ್ಲಗೆ, "ನೀನು ಇನ್ನೊಬ್ಬಳು ಇದಾಳೆ ಅಂದ್ಕೊಳ್ತಿದೀಯ ಅಂತ ಗೊತ್ತಾಗ್ತಿತ್ತು. ಅಂದ್ಕೊಳ್ಳಲಿ ಅಂತ ಬಿಟ್ಟೆ. ಮೂಗು ಸತ್ತಿರೋ ರುಚಿಗಾರ ಅನ್ನಿಸ್ಕೊಳ್ಳೋದಕ್ಕಿಂತ ಅದೇ ಮರ್ಯಾದೆ ಅನ್ನಿಸ್ತು," ಎಂದರು.

ವಾಸನೆ ವಾಪಸು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರಂತೆ. ಇಷ್ಟು ದಿನ ಸಹಿ ಹಾಕುತ್ತಿದ್ದದ್ದು ಬಣ್ಣ ನೋಡಿ, ಬೆರಳಲ್ಲಿ ಮುಟ್ಟಿ, ಮತ್ತು ಡಬ್ಬಿ ತೆರೆಯುವಾಗ ಉಗ್ರಾಣದವರ ಮುಖ ನೋಡಿ. ಅವರ ಮುಖ ಸೊಟ್ಟಗಾದರೆ ಇವರು ಬೇಡ ಅನ್ನುತ್ತಿದ್ದರು.

"ಮತ್ತೆ ಈ ಸಲ?"

"ಅವತ್ತು ಅವರಿಗೆ ನೆಗಡಿ."

ಮುಂಚಿನ ದಿನಗಳಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು. ಇಬ್ಬರೂ ಗೋಡೆ ನೋಡಿದೆವು.

"ನಾಳೆ ಏನು ಮಾಡ್ತೀರಾ?" ಎಂದೆ.

"ಹೇಳಿದ್ರೆ ಕೋಟು ಹೋಗತ್ತೆ."

"ಹೇಳದಿದ್ರೆ ಅವರ ಅನ್ನ ಹೋಗತ್ತೆ." ಇಷ್ಟು ಹೇಳಿ ಒಳಗೆ ಹೋದೆ. ಇನ್ನೂ ಹೇಳಿದ್ದರೆ ನನ್ನ ಮಾತಿಗಾಗಿ ಹೋದ ಹಾಗಾಗುತ್ತಿತ್ತು.

ಮಾರ್ಚ್ ೨೭, ಸೋಮವಾರ

ಬೆಳಿಗ್ಗೆ ಎಂದಿನಂತೆ ಹೋದರು. ಹೇಳುತ್ತಾರೋ ಇಲ್ಲವೋ ಎಂದು ನಾನು ಮುದ್ರಣಾಲಯದಲ್ಲಿ ಒಂದೇ ಪುಟವನ್ನು ಮೂರು ಸಲ ಓದಿದೆ. ಇಪ್ಪತ್ತಮೂರು ವರ್ಷ ಜೊತೆಗಿದ್ದರೂ ಖಾತ್ರಿ ಇರಲಿಲ್ಲ. ನಿಜ ಬರೆಯುತ್ತಿದ್ದೇನೆ.

ಊಟದ ಹೊತ್ತಿಗೆ ಮುದ್ರಣಾಲಯದ ಬಾಗಿಲಿಗೆ ಬಂದು ನಿಂತರು. ಕೋಟು ಇರಲಿಲ್ಲ.

"ಹೇಳಿದೆ. ಉಗ್ರಾಣದವರು ನಾಳೆಯಿಂದ ಬರ್ತಾರೆ. ನನ್ನನ್ನ ಪೆಟ್ಟಿಗೆ ವಿಭಾಗಕ್ಕೆ ಹಾಕಿದಾರೆ. ಮ್ಯಾನೇಜರು ಕೂಗಾಡಲಿಲ್ಲ ಕಣೆ. ಇನ್ನು ನಿಮ್ಮ ಹಳೆ ಸಹಿಗಳನ್ನೂ ಅನುಮಾನದಿಂದ ನೋಡಬೇಕಾಗತ್ತಲ್ಲಾ ಅಂದ್ರು ಅಷ್ಟೆ."

ಬೀದಿಯಲ್ಲಿ ಅವರ ಕೈ ಹಿಡಿಯುವ ಅಭ್ಯಾಸ ನನಗಿಲ್ಲ. ಹಾಗಾಗಿ ಊಟದ ಡಬ್ಬಿ ಬಿಚ್ಚಿ ಅರ್ಧ ಕೊಟ್ಟೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ತಿಂದರು. ಚೆನ್ನಾಗಿದೆ ಅನ್ನಲಿಲ್ಲ.

ಏಪ್ರಿಲ್ ೧, ಶನಿವಾರ

ಹೋಗಲಿಲ್ಲ. ಇಡೀ ದಿನ ಹಾಸಿಗೆಯ ಮೇಲೆ, ಗೋಡೆ ಕಡೆ ಮುಖ.

ಏಪ್ರಿಲ್ ೫, ಬುಧವಾರ

ಪೆಟ್ಟಿಗೆಗಳಿಗೆ ಟೇಪು ಸುತ್ತಿ ಸುತ್ತಿ ಬೆರಳು ಬಿರಿದಿದೆ. ಔಷಧಿ ಹಚ್ಚಲು ಬಿಡುವುದಿಲ್ಲ. ಅಕ್ಕ ಫೋನ್ ಮಾಡಿ, "ಹಾಗಾದ್ರೆ ಆ ಹೆಂಗಸಿನ ಜೊತೆ ಏನೂ ಇಲ್ವಾ? ಸರಿಯಾಗಿ ವಿಚಾರಿಸಿದ್ಯಾ?" ಎಂದಳು. ದನಿಯಲ್ಲಿ ಬೇಸರವೇ ಇತ್ತು.

ಏಪ್ರಿಲ್ ೮, ಶನಿವಾರ

ಇವತ್ತೂ ಏಳುವ ಲಕ್ಷಣ ಕಾಣಲಿಲ್ಲ. "ನಾನು ಹೋಗ್ಬರ್ತೀನಿ," ಎಂದು ಹೊರಟೆ. ಎಲ್ಲಿಗೆ ಎಂದು ಕೇಳಲಿಲ್ಲ.

ಗಂಬೂಟಿನವಳಿಗೆ ನಾನ್ಯಾರೆಂದು ಹೇಳಿದೆ. ಪೈಪು ಕೈಯಿಂದ ಜಾರಿ ಅವಳ ಬೂಟಿನೊಳಗೆಲ್ಲ ನೀರು. "ಅಯ್ಯೋ ಅಕ್ಕಾ, ನಿಮ್ಮ ಮುಂದೆನೇ ಎಲ್ಲ ಒದರಿಬಿಟ್ನಲ್ಲಾ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಒದರಿದ್ದು ಒಳ್ಳೆಯದೇ ಆಯಿತು ಎಂದೆ. ಹೊಸದೊಂದು ಮಾಡಿದ್ದಳು. ಅದರಲ್ಲಿ ಮೂರು ಬಾಟಲಿ ಕೊಟ್ಟಳು. ಏನು ಹಾಕಿದ್ದೀಯೆಂದು ಕೇಳಿದರೆ ನಕ್ಕು, "ನೀವೇ ಹೇಳಿ," ಎಂದಳು.

ಬಸ್ಸು ಗುಂಡಿಗೆ ಬಿದ್ದಾಗ ಒಂದು ಬಾಟಲಿ ಒಡೆದು ಸೀರೆಯ ಅಂಚೆಲ್ಲ ಬಿಯರು. ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಹೋದಳು. ಕಂಡಕ್ಟರು ಟಿಕೆಟು ಕೊಡುವಾಗ ನನ್ನ ಮುಖವನ್ನೇ ಎರಡು ಸಲ ನೋಡಿದ. ಎರಡನೆಯ ಬಸ್ಸು ತಪ್ಪಿತು. ಮನೆ ಮುಟ್ಟುವಾಗ ನಾಲ್ಕೂವರೆ.

ಇವರು ಬಾಗಿಲಲ್ಲೇ ನಿಂತಿದ್ದರು. "ಇಷ್ಟೊತ್ತು ಎಲ್ಲಿದ್ದೆ? ಯಾರ ಜೊತೆ ಹೋಗಿದ್ದೆ? ಫೋನು ಯಾಕೆ ಎತ್ತಲ್ಲ?"

"ಒಳ್ಳೆ ಬಿಯರ್ ಹುಡ್ಕೊಂಡು ಹೋಗಿದ್ದೆ ಕಣ್ರೀ."

ನಂಬದವರ ಹಾಗೆ ಚೀಲದೊಳಗೆ ಕೈ ಹಾಕಿ ನೋಡಿದರು. ಬಾಟಲಿಯ ಚೂರು ಚುಚ್ಚೀತೆಂದು ಕೈ ಹಿಡಿದೆಳೆದೆ.

ಊಟದ ಮೇಜಿಗೆ ಎರಡು ಲೋಟ ತಂದೆ. ನಾನು ಕುಡಿದೆ. ತಿಳಿಯಲಿಲ್ಲ. ಏನೋ ಇದೆ, ಗುರುತಿನದೇ, ಹೆಸರು ಹೊಳೆಯುತ್ತಿಲ್ಲ.

"ಗೊತ್ತಾಗ್ತಿಲ್ಲ ರೀ. ಎಲ್ಲಿ ಹುಡುಕ್ಬೇಕು, ಹೇಳಿಕೊಡಿ."

"ನನ್ನ ಕೇಳ್ತೀಯಾ?" ಎಂದರು. ದನಿ ಒರಟಾಗಿತ್ತು.

"ಇನ್ಯಾರನ್ನ ಕೇಳ್ಲಿ? ಅಕ್ಕನ್ನಾ?"

ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡು ನುಂಗಿದರು. "ಒಮ್ಮೆಗೇ ನುಂಗ್ಬೇಡ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಡು. ವಾಸನೆ ಹೋಗೋವಾಗ ಸಿಗತ್ತೆ, ಬರೋವಾಗ ಅಲ್ಲ. ಏನು ಅಂತ ಹುಡುಕ್ಬೇಡ, ಯಾವ ಜಾಗ ನೆನಪಾಗತ್ತೆ ಅಂತ ನೋಡು."

ಹಾಗೇ ಮಾಡಿದೆ. "ಶಾಲೆ. ಮಧ್ಯಾಹ್ನದ ಊಟದ ಡಬ್ಬಿ. ಹಣ್ಣು... ಕಿತ್ತಳೆ! ಕಿತ್ತಳೆ ಸಿಪ್ಪೆ!"

"ಹಸಿಯದೋ, ಒಣಗಿಸಿದ್ದೋ?"

"ಹಸೀದು."

"ಅಲ್ಲ," ಎಂದರು. "ಹಸಿ ಸಿಪ್ಪೆ, ತಿರುಳು ಹಾಕಿದ್ರೆ ನಾಲಿಗೆ ಪಕ್ಕದಲ್ಲಿ ಹುಳಿ ತಾಗ್ಬೇಕು. ನಂಗೆ ಹುಳಿ ಗೊತ್ತಾಗತ್ತೆ, ಇದ್ರಲ್ಲಿ ಅದಿಲ್ಲ. ಇನ್ನೊಂದ್ಸಲ ನೋಡು."

ಇದೊಳ್ಳೆ ಕಥೆ, ಮೂಗಿರುವವಳು ನಾನು. ಆದರೂ ನೋಡಿದೆ. ಬಾಯಿ ಮುಚ್ಚಿದೆ, ಉಸಿರು ಬಿಟ್ಟೆ. ಇವರು ಮೇಜಿನ ಮೇಲೆ ಮುಂದಕ್ಕೆ ಬಗ್ಗಿ, ನನ್ನ ಮುಖದಲ್ಲಿ ಏನು ಕಾಣುತ್ತದೋ ಎಂದು ರೆಪ್ಪೆ ಬಡಿಯದೆ ಕಾಯುತ್ತಿದ್ದರು.

ಒಣಗಿಸಿದ್ದೇ.